ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದ ಮನೆಗಳು

ಶಹಾಪುರ, ಯಾದಗಿರಿ ಜಿಲ್ಲೆ

ಪ್ರೀತಿಯ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಓದಿನಲ್ಲಿ ಹಿಂದುಳಿದ ಬಡ ಮಕ್ಕಳಿಗೆ ದಿನಕ್ಕೊಂದು ತಾಸು ಪ್ರತ್ಯೇಕವಾಗಿ ಕಲಿಸುವ ಹೊಸ ಕ್ರಮವೊಂದನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ತರುತ್ತಿದ್ದಾರೆಂದೂ, ಅದರಿಂದ ನಿಜಕ್ಕೂ ಪ್ರಯೋಜನವಾಗುತ್ತದೆಯೇ ಎಂದು ಪರೀಕ್ಷಿಸುವ ಅಧ್ಯಯನದ ನೇತೃತ್ವ ನಿನ್ನ ಪಾಲಿಗೆ ಬಂದಿದೆಯೆಂದೂ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಕೇಳಿ ಸಂತೋಷವಾಯಿತು, ಜೊತೆಗೆ ಸ್ವಲ್ಪ ಅಳುಕೂ ಆಯಿತು. ನೀನು ಸಂಖ್ಯಾಶಾಸ್ತ್ರ ಓದಿದವಳು, ಲೆಕ್ಕದ ವಿಷಯದಲ್ಲಿ ನಿನಗೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ 31 ವರ್ಷ ಮೇಷ್ಟ್ರ ಕೆಲಸ ಮಾಡಿದ ನಾನು, ಬಂದು ಅಳೆದು ಹೋದ ಎಷ್ಟೋ ತಂಡಗಳ ಎದುರು ಅಳತೆಗೆ ಒಳಗಾದವರ ಸಾಲಿನಲ್ಲಿ ನಿಂತಿದ್ದೇನೆ. ಆ ಸಾಲಿನಿಂದ ಕಂಡದ್ದನ್ನು ನಿನಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾನು ಸಹಶಿಕ್ಷಕನಾಗಿದ್ದ ಒಂದು ಶಾಲೆಗೆ ಮಕ್ಕಳ ಓದನ್ನು ಪರೀಕ್ಷಿಸಲು ಹೊರಗಿನಿಂದ ತಂಡವೊಂದು ಬರುವುದೆಂದು ಎರಡು ದಿನ ಮುಂಚೆಯೇ ಸುದ್ದಿ ಬಂತು. ಅಕ್ಷರ ಕೂಡಿಸಿ ಓದಲು ಬಾರದ ಏಳೆಂಟು ಮಕ್ಕಳಿಗೆ, "ನಾಳೆ ಸಾಲಿಗಿ ಬರಬ್ಯಾಡ್ರಿ, ಹೊಲಕ್ಕ ಹೋಗ್ರಿ" ಎಂದು ಹೇಳಿ ಕಳುಹಿಸಿದೆವು. ಹೇಳಿದವನು ನಾನೇ. ತಂಡದವರು ಬಂದರು, ಕುಳಿತ ಮಕ್ಕಳನ್ನು ಓದಿಸಿದರು, ಮೆಚ್ಚಿಕೊಂಡು ಬರೆದುಕೊಂಡು ಹೋದರು. ಹಾಜರಿ ಪುಸ್ತಕವನ್ನು ಕೇಳಿದ್ದರೆ ನಮ್ಮ ಬಣ್ಣ ಬಯಲಾಗುತ್ತಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ. ಆ ವರದಿಯಲ್ಲಿ ಸುಳ್ಳು ಅಂಕಿ ಒಂದೂ ಇರಲಿಲ್ಲವೆಂಬುದು ನನ್ನನ್ನು ಈಗಲೂ ಕಾಡುತ್ತದೆ. ಓದಿದ ಮಕ್ಕಳು ನಿಜವಾಗಿಯೇ ಓದಿದ್ದರು. ಓದಲಾರದವರು ಲೆಕ್ಕಕ್ಕೇ ಬಂದಿರಲಿಲ್ಲ.

ಆದ್ದರಿಂದ ನಿನ್ನ ಅಧ್ಯಯನದಲ್ಲಿ ಪರೀಕ್ಷೆಗೆ ಒಳಪಡುವ ಮಕ್ಕಳ ಹೆಸರುಗಳನ್ನು ಕಾರ್ಯಕ್ರಮ ಆರಂಭವಾಗುವ ಮುನ್ನವೇ ದಾಖಲಾತಿ ಪುಸ್ತಕದಿಂದ ಎತ್ತಿಕೋ. ಅಂದು ತರಗತಿಯಲ್ಲಿ ಕುಳಿತವರನ್ನು ಎಣಿಸಿ ಪಟ್ಟಿ ಮಾಡಬೇಡ. ಕೊನೆಯ ಪರೀಕ್ಷೆಯ ದಿನ ಆ ಪಟ್ಟಿಯ ಮಗು ಶಾಲೆಯಲ್ಲಿ ಇಲ್ಲದಿದ್ದರೆ ನಿನ್ನ ಕಾರ್ಯಕರ್ತರು ಅದರ ಮನೆಗೆ ಹೋಗಬೇಕು, ಮನೆಯಲ್ಲಿ ಇಲ್ಲದಿದ್ದರೆ ಹೊಲಕ್ಕೆ ಹೋಗಬೇಕು. ಇದಕ್ಕೆ ಹಣ ಬೇಕು, ದಿನಗಳು ಬೇಕು. ಆಯವ್ಯಯ ಪಟ್ಟಿಯಲ್ಲಿ ಅದನ್ನು ಈಗಲೇ ಸೇರಿಸು. ಆಮೇಲೆ ಯಾರೂ ಕೊಡುವುದಿಲ್ಲ.

ನಮ್ಮ ಭಾಗದಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಮುಖ್ಯವಾಗಲು ಕಾರಣ ಗುಳೆ. ಜೂನ್ ತಿಂಗಳಲ್ಲಿ ತುಂಬಿರುವ ತರಗತಿ ದೀಪಾವಳಿ ಕಳೆಯುತ್ತಲೇ ಕರಗತೊಡಗುತ್ತದೆ. ಇತ್ತ ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ಕೆಲಸಕ್ಕೆ ಮಕ್ಕಳು ಹೋಗುತ್ತಾರೆ. ಅತ್ತ ತೊಗರಿ ರಾಶಿ ಮುಗಿಯುವ ಹೊತ್ತಿಗೆ ತಾಂಡಾಗಳ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದು, ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಸೇರಿರುತ್ತವೆ. ಜನವರಿ, ಫೆಬ್ರುವರಿಯಲ್ಲಿ ನೀನು ಅಂತಿಮ ಪರೀಕ್ಷೆ ಇಟ್ಟುಕೊಂಡರೆ, ಯಾರಿಗಾಗಿ ಈ ಕಾರ್ಯಕ್ರಮವನ್ನು ರೂಪಿಸಿದರೋ ಅದೇ ಮಕ್ಕಳು ನಿನ್ನ ಲೆಕ್ಕದಿಂದ ಹೊರಗುಳಿಯುತ್ತಾರೆ. ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ, ಅದನ್ನು ನಿಧಾನವಾಗಿ ಯೋಚಿಸು. ಕಾರ್ಯಕ್ರಮ ಚೆನ್ನಾಗಿ ನಡೆದ ಶಾಲೆಯಲ್ಲಿ, ಓದು ಸ್ವಲ್ಪ ಹಿಡಿತಕ್ಕೆ ಬಂದ ಕಾರಣಕ್ಕೆ, ದುರ್ಬಲ ಮಗುವೊಂದು ಅಜ್ಜಿಯ ಬಳಿ ಉಳಿದು ಶಾಲೆಗೆ ಬರುತ್ತಲೇ ಇರಬಹುದು. ಕಾರ್ಯಕ್ರಮವಿಲ್ಲದ ಶಾಲೆಯಲ್ಲಿ ಅಂಥದೇ ಮಗು ತಾಯಿತಂದೆಯರ ಜೊತೆ ಹೊರಟುಹೋಗಿರುತ್ತದೆ. ಪರೀಕ್ಷೆಯ ದಿನ ಹಾಜರಿದ್ದವರನ್ನಷ್ಟೇ ಹಿಡಿದು ಸರಾಸರಿ ತೆಗೆದರೆ, ದುರ್ಬಲರನ್ನು ಉಳಿಸಿಕೊಂಡ ಶಾಲೆ ಕೆಳಗೂ ಅವರನ್ನು ಕಳೆದುಕೊಂಡ ಶಾಲೆ ಮೇಲೂ ಕಾಣುತ್ತದೆ. ಒಳ್ಳೆಯ ಕೆಲಸಕ್ಕೆ ಶಿಕ್ಷೆ ಕೊಟ್ಟಂತಾಗುತ್ತದೆ. ಎರಡೂ ಗುಂಪುಗಳಿಂದ ಎಷ್ಟು ಮಕ್ಕಳು, ಎಂಥ ಮಕ್ಕಳು ಕಾಣೆಯಾದರೆಂಬುದನ್ನು ವರದಿಯ ಮೊದಲ ಕೋಷ್ಟಕದಲ್ಲಿಯೇ ಹಾಕು, ಅನುಬಂಧದಲ್ಲಿ ಅಡಗಿಸಬೇಡ.

ಇನ್ನು ಯಾವ ಶಾಲೆಯನ್ನು ಯಾವುದರೊಂದಿಗೆ ಹೋಲಿಸಬೇಕೆಂಬ ಪ್ರಶ್ನೆ. ನಮ್ಮಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. 2002ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ಸರ್ಕಾರ ಸೇರಿ ಈ ಭಾಗದಲ್ಲಿ ಲರ್ನಿಂಗ್ ಗ್ಯಾರಂಟಿ ಕಾರ್ಯಕ್ರಮವನ್ನು ತಂದಾಗ, ಶಾಲೆಗಳು ತಾವಾಗಿಯೇ ಮುಂದೆ ಬಂದು ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳಬೇಕಿತ್ತು. ಮಕ್ಕಳು ಏನು ಕಲಿತಿದ್ದಾರೆಂಬುದನ್ನೇ ಮುಖ್ಯವಾಗಿ ಕೇಳಿದ ಆ ಯತ್ನದ ಬಗ್ಗೆ ನನಗೆ ಗೌರವವಿದೆ. ಆದರೆ ತಾವಾಗಿ ಮುಂದೆ ಬರುವ ಶಾಲೆಯ ಮುಖ್ಯೋಪಾಧ್ಯಾಯರು ಎಂಥವರು, ಹಿಂದೆ ಸರಿಯುವ ಶಾಲೆಯವರು ಎಂಥವರು ಎಂಬುದು ಪ್ರತಿಯೊಬ್ಬ ಸಿಆರ್‌ಪಿಗೂ (ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೂ) ಗೊತ್ತು. ಅವೆರಡನ್ನು ಅಕ್ಕಪಕ್ಕ ಇಟ್ಟು ಕಂಡ ವ್ಯತ್ಯಾಸವನ್ನು ಕಾರ್ಯಕ್ರಮದ ಫಲವೆನ್ನಲು ಬರುವುದಿಲ್ಲ. ಮೊಟ್ಟೆಯ ವಿಷಯವನ್ನೂ ನೋಡು. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದನ್ನು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ನಮ್ಮ ಮೂರೂ ಸೇರಿದ್ದವು. ಆಗ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗಿನ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ನಮ್ಮ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂತು. ನನಗೆ ಆ ಫಲಿತಾಂಶದಲ್ಲಿ ನಂಬಿಕೆಯಿದೆ, ಮೊಟ್ಟೆ ಬೇಕೇ ಬೇಕೆಂಬ ಪಕ್ಷವೂ ನನ್ನದು. ಆದರೂ ಎರಡು ಜಿಲ್ಲೆಗಳ ನಡುವೆ ಮೊಟ್ಟೆಯೊಂದೇ ವ್ಯತ್ಯಾಸವಲ್ಲ ಎಂದು ವಿರೋಧಿಯೊಬ್ಬ ಎದ್ದುನಿಂತು ಕೇಳಿದರೆ ಉತ್ತರಿಸುವುದು ಕಷ್ಟ.

ಇದಕ್ಕಿರುವ ಹಳೆಯ ಉಪಾಯ, ಯಾವ ಶಾಲೆಗೆ ಕಾರ್ಯಕ್ರಮ ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿಯ ರೀತಿಯಲ್ಲಿಯೇ ಸಣ್ಣ ಮತ್ತು ದೊಡ್ಡ ತರಗತಿಗಳಿಗೆ ಹಂಚಿ ನೋಡಿದ್ದರಿಂದಲೇ, ಸಣ್ಣ ತರಗತಿಯ ಲಾಭವನ್ನು, ಅದರಲ್ಲಿಯೂ ಬಡ ಮಕ್ಕಳಿಗೆ ಆದ ಲಾಭವನ್ನು, ಜನ ಒಪ್ಪಿದರು. ನೀನೂ ಚೀಟಿಯನ್ನೇ ಎತ್ತು. ಆದರೆ ಬೆಂಗಳೂರಿನ ಕಂಪ್ಯೂಟರಿನಲ್ಲಿ ಬೇಡ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಎಲ್ಲ ಮುಖ್ಯೋಪಾಧ್ಯಾಯರ ಎದುರು ಡಬ್ಬಿಯಿಂದ ಎತ್ತಿಸು. ಹೆಸರು ಬಾರದ ಶಾಲೆಗಳಿಗೆ ಮುಂದಿನ ವರ್ಷ ಇದೇ ಕಾರ್ಯಕ್ರಮ ಬರುವುದೆಂದು ಇಲಾಖೆಯಿಂದ ಬರಹದಲ್ಲಿ ಕೊಡಿಸು. ಇಷ್ಟಾದ ಮೇಲೂ ಯಾರಾದರೊಬ್ಬ ಮುಖಂಡರ ಫೋನು ಬಂದೇ ಬರುತ್ತದೆ: "ನಮ್ಮೂರ ಸಾಲಿ ಯಾಕ ಬಿಟ್ಟೀರಿ?" ಆ ಶಾಲೆಗೆ ಕಾರ್ಯಕ್ರಮವನ್ನು ಕೊಡುವುದು ಅನಿವಾರ್ಯವಾದರೆ ಕೊಡಲಿ, ಆದರೆ ನಿನ್ನ ಲೆಕ್ಕದಲ್ಲಿ ಅದು ಚೀಟಿಯಲ್ಲಿ ಹೆಸರು ಬಾರದ ಶಾಲೆಗಳ ಗುಂಪಿನಲ್ಲಿಯೇ ಉಳಿಯಬೇಕು.

ಏನನ್ನು ಅಳೆಯುತ್ತೀ ಎಂಬುದರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ನೆಚ್ಚಿಕೊಳ್ಳಬೇಡ. 2023ರಲ್ಲಿ ಯಾದಗಿರಿಯ ಫಲಿತಾಂಶ ಶೇ. 75.49 ಇತ್ತು; ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಅದು ಶೇ. 50.59ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳ ಬುದ್ಧಿ ಅಷ್ಟು ಕುಸಿಯಿತೆಂದು ನಾನು ಒಪ್ಪುವುದಿಲ್ಲ, ಬದಲಾದದ್ದು ತಕ್ಕಡಿ. ನಿನ್ನ ತಕ್ಕಡಿಯನ್ನು ನೀನೇ ಮಾಡಿಸು, ಮೊದಲ ದಿನದಿಂದ ಕೊನೆಯ ದಿನದವರೆಗೆ ಅದನ್ನು ಬದಲಿಸಬೇಡ, ಪ್ರಶ್ನೆಗಳನ್ನು ಶಾಲೆಯಲ್ಲಿ ಬಿಟ್ಟು ಬರಬೇಡ.

ಭಾಷೆಯನ್ನಂತೂ ಮರೆಯಬೇಡ. ಗುರುಮಠಕಲ್, ಸೇಡಂ ಗಡಿಯ ಮಗು ಮನೆಯಲ್ಲಿ ತೆಲುಗು ಮಾತನಾಡುತ್ತದೆ, ಔರಾದ್, ಭಾಲ್ಕಿಯ ಕಡೆಯದು ಮರಾಠಿ, ತಾಂಡಾದ್ದು ಲಂಬಾಣಿ. ಕೀನ್ಯಾ ದೇಶದ ಹಳ್ಳಿಶಾಲೆಗಳಲ್ಲಿ ಪಠ್ಯಪುಸ್ತಕಗಳನ್ನು ಉಚಿತವಾಗಿ ಹಂಚಿ ಪರೀಕ್ಷಿಸಿದಾಗ ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಗಿತ್ತು, ಏಕೆಂದರೆ ಪುಸ್ತಕವಿದ್ದದ್ದು ಇಂಗ್ಲಿಷಿನಲ್ಲಿ, ಅದು ಬಹುಪಾಲು ಮಕ್ಕಳಿಗೆ ಮೂರನೆಯ ಭಾಷೆ. ಆ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರ ಜೊತೆ ನೊಬೆಲ್ ಬಂತು. ಸರಾಸರಿಯೊಂದನ್ನೇ ನೋಡಿದ್ದರೆ "ಪುಸ್ತಕದಿಂದ ಏನೂ ಆಗದು" ಎಂಬ ತಪ್ಪು ಪಾಠ ಕಲಿಯುತ್ತಿದ್ದರು. ನೀನು ಮಕ್ಕಳನ್ನು ಮನೆಮಾತಿನ ಪ್ರಕಾರ ವಿಂಗಡಿಸಿಯೂ ನೋಡು, ಸೂಚನೆಗಳನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲ ಸ್ಥಳೀಯ ಹುಡುಗ ಹುಡುಗಿಯರನ್ನೇ ಕೆಲಸಕ್ಕೆ ತೆಗೆದುಕೋ.

ಆ ಹುಡುಗರ ಬಗ್ಗೆ ಒಂದೇ ಮಾತು. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿಲ್ಲದ ಊರಿಗೆ ನಡೆದು ಹೋಗುವವರನ್ನು ಅಂಕಿ ಕಡಿಮೆಯಾಯಿತೆಂದು ಗದರಿಸಿದರೆ, ಮರುದಿನ ಅವರು ಮರದ ನೆರಳಲ್ಲಿ ಕುಳಿತು ಅಂಕಿ ತುಂಬುತ್ತಾರೆ. ದಿನಭತ್ಯೆಯನ್ನು ತಡಮಾಡದೆ ಕೊಡು, ಅವರು ಹೋಗಿ ಬಂದ ಮನೆಗಳಲ್ಲಿ ಕೆಲವಕ್ಕೆ ನೀನೇ ಮತ್ತೆ ಹೋಗು.

ಕಾರ್ಯಕ್ರಮ ನಡೆಯಿತೇ ಎಂಬುದನ್ನೂ ಫಲ ಸಿಕ್ಕಿತೇ ಎಂಬುದನ್ನೂ ಬೇರೆಬೇರೆಯಾಗಿ ಬರೆದಿಡು. ಮಕ್ಕಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ಪ್ರಥಮ್ ಸಂಸ್ಥೆಯ ಕ್ರಮದ ಕಥೆ ನಿನಗೆ ಗೊತ್ತೇ ಇದೆ. ಉತ್ತರಾಖಂಡದಲ್ಲಿ ಅದು ಶಾಲೆಯೊಳಗೆ ಫಲ ಕೊಡಲಿಲ್ಲ; ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನು ಅದಕ್ಕೇ ಮೀಸಲಿಟ್ಟು, ಮೇಲ್ವಿಚಾರಣೆಯನ್ನೂ ಇಟ್ಟಾಗ ಸರ್ಕಾರಿ ಶಿಕ್ಷಕರಿಂದಲೇ ಹಿಂದಿ ಓದು ಸುಧಾರಿಸಿತು. ನಮ್ಮಲ್ಲಿ ಆ ಒಂದು ತಾಸನ್ನು ತಿನ್ನಲು ಎಷ್ಟು ಬಾಯಿಗಳಿವೆ! ಮತದಾರರ ಪಟ್ಟಿ, ಸಮೀಕ್ಷೆ, ಮೊಟ್ಟೆಯ ಲೆಕ್ಕ, ಸಭೆ, ತರಬೇತಿ. ಕೆಲವೆಡೆ ಇರುವುದು ಒಬ್ಬರೇ ಕಾಯಂ ಶಿಕ್ಷಕರು, ಉಳಿದವರು ಅತಿಥಿ ಶಿಕ್ಷಕರು. ತಿಳಿಸದೆ ಹೋಗಿ ಆ ತಾಸಿನಲ್ಲಿ ಏನು ನಡೆಯುತ್ತಿತ್ತೆಂದು ನೋಡಿ ಬರೆ. ಶಿಕ್ಷಕರ ಹೆಸರನ್ನು ಮಾತ್ರ ಬರೆಯಬೇಡ, ಆ ಕಾಗದ ಬಿಇಒ ಮೇಜಿಗೆ ಹೋಗುವುದಿಲ್ಲವೆಂದು ಅವರಿಗೆ ಮಾತು ಕೊಡು, ಕೊಟ್ಟ ಮಾತು ಉಳಿಸು. ಒಬ್ಬ ಶಿಕ್ಷಕನಿಗೆ ನೋಟಿಸು ಬಂದರೂ ಮೂರು ಜಿಲ್ಲೆಗಳ ಬಾಗಿಲುಗಳು ಮುಚ್ಚಿದವೆಂದೇ ತಿಳಿ.

ಸಾಧ್ಯವಾದರೆ ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಅದೇ ಮಕ್ಕಳನ್ನು ಇನ್ನೊಮ್ಮೆ ನೋಡಲು ಹಣ ಉಳಿಸಿಕೋ. ವಡೋದರಾ ಮತ್ತು ಮುಂಬೈಗಳಲ್ಲಿ ಬಾಲಸಖಿಯರು, ಅಂದರೆ ಹಿಂದುಳಿದ ಮಕ್ಕಳಿಗೆ ಪ್ರತ್ಯೇಕವಾಗಿ ಪಾಠ ಹೇಳಲು ನೇಮಿಸಿದ ಸ್ಥಳೀಯ ಯುವತಿಯರು, ಕಲಿಸಿದ ಮಕ್ಕಳು ಒಳ್ಳೆಯ ಪ್ರಗತಿ ತೋರಿದ್ದರೂ, ಒಂದು ವರ್ಷ ಕಳೆಯುವಷ್ಟರಲ್ಲಿ ಅದರ ಹೆಚ್ಚಿನ ಭಾಗ ಕರಗಿತ್ತು.

ಏನೂ ಫಲ ಕಾಣದೆ ಹೋದರೆ ನಿನ್ನ ಮೇಲೆ ಒತ್ತಡ ಬರುತ್ತದೆ. 2011ರ ಜನಗಣತಿಯಲ್ಲಿ ಶೇ. 51.83 ಸಾಕ್ಷರತೆಯೊಂದಿಗೆ ರಾಜ್ಯಕ್ಕೇ ಕೊನೆಯದಾದ ಜಿಲ್ಲೆಯಿದು. ಇಲ್ಲಿಂದ ಒಳ್ಳೆಯ ಸುದ್ದಿ ಬರಲಿ ಎಂದು ಎಲ್ಲರೂ, ಒಳ್ಳೆಯ ಮನಸ್ಸಿನವರೂ, ಆಸೆಪಡುತ್ತಾರೆ. "ಐದನೆಯ ತರಗತಿಯ ಹುಡುಗಿಯರಲ್ಲಿ ಮಾತ್ರ ನೋಡಿದರೆ ಸುಧಾರಣೆ ಇದೆಯಲ್ಲ, ಅದನ್ನೇ ಮುಂದಿಡಿ" ಎಂದು ಯಾರಾದರೂ ಸೂಚಿಸಬಹುದು. ಅದಕ್ಕೇ, ಏನನ್ನು ಅಳೆಯುತ್ತೇವೆ, ಯಾರಲ್ಲಿ ಅಳೆಯುತ್ತೇವೆ, ಎಷ್ಟಾದರೆ ಫಲವೆನ್ನುತ್ತೇವೆ ಎಂಬುದನ್ನು ಮೊದಲ ಮಗುವನ್ನು ಓದಿಸುವ ಮುನ್ನವೇ ಬರೆದು ದಿನಾಂಕ ಹಾಕಿ ಇಲಾಖೆಗೂ ಹಣ ಕೊಟ್ಟವರಿಗೂ ಕೊಟ್ಟುಬಿಡು. ವರದಿ ಇಂಗ್ಲಿಷಿನಲ್ಲಿ ಎಷ್ಟೇ ದಪ್ಪವಿರಲಿ, ಪ್ರತಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಕನ್ನಡದಲ್ಲಿ ಎರಡು ಪುಟ ತಲುಪಲಿ. ನಮ್ಮನ್ನು ಅಳೆದು ಹೋದವರು ಏನು ಕಂಡರೆಂದು ಮರಳಿ ಬಂದು ಹೇಳಿದ್ದು ನನ್ನ ಸೇವಾವಧಿಯಲ್ಲಿ ಒಮ್ಮೆಯೂ ಇಲ್ಲ.

ದಸರಾ ಸೂಟಿಗೆ ನೀನು ಬರುತ್ತೀಯೆಂದು ನಿನ್ನ ಅಪ್ಪ ಹೇಳಿದ. ಬಂದಾಗ ಒಂದು ದಿನ ಬಿಡುವು ಮಾಡಿಕೋ. ಹತ್ತಿರದ ತಾಂಡಾದಿಂದ ಜನರನ್ನು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ. ಯಾವ ಮನೆಯವರು ಯಾವ ವಾರ ಹೊರಡುತ್ತಾರೆ, ಯಾವ ಮಗುವನ್ನು ಜೊತೆಗೆ ಒಯ್ಯುತ್ತಾರೆ, ಯಾವುದನ್ನು ಬಿಟ್ಟು ಹೋಗುತ್ತಾರೆ ಎಂಬುದು ಅವನ ಬಾಯಲ್ಲೇ ಇದೆ. ನಿನ್ನ ಪರೀಕ್ಷೆಯ ದಿನಾಂಕವನ್ನು ಗೊತ್ತುಮಾಡುವ ಮುನ್ನ ಅವನೊಂದಿಗೆ ಕುಳಿತು ಮಾತನಾಡೋಣ.

ಇಂತು ನಿನ್ನ ಶ್ರೇಯಸ್ಸು ಬಯಸುವ
ದೊಡ್ಡಪ್ಪ