ಗೆಳೆಯನಿಗೊಂದು ಪತ್ರ: ಏಳು ರೇಜರೋ, ಒಂದೇ ರೇಜರೋ

ಕೋಲಾರ
ಭಾನುವಾರ ಬೆಳಿಗ್ಗೆ

ಪ್ರಿಯ ಮಿತ್ರ,

ನಿನ್ನ ಪತ್ರ ತಲುಪಿ ಹತ್ತು ದಿನಗಳಾದವು. ಉತ್ತರ ತಡವಾದದ್ದು ಉದಾಸೀನದಿಂದಲ್ಲ. ಅಗ್ಗದ ಶೇವಿಂಗ್ ಸಾಮಾನು ಹಲವನ್ನು ಕೊಳ್ಳಲೋ, ದುಬಾರಿಯದನ್ನು ಒಂದೊಂದೇ ಕೊಳ್ಳಲೋ ಎಂದು ನೀನು ಕೇಳಿದ ಪ್ರಶ್ನೆಗೆ ಬಾಯಿಗೆ ಬಂದದ್ದನ್ನು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ನನ್ನ ಬಳಿಯಿರುವ ಶೇವಿಂಗ್ ಸಾಮಾನನ್ನೆಲ್ಲ ಬೀರುವಿನಿಂದ ಕೆಳಗಿಳಿಸಿ, ದಿನಕ್ಕೊಂದರಂತೆ ಮತ್ತೆ ಬಳಸಿ ನೋಡಿ ಈಗ ಬರೆಯಲು ಕುಳಿತಿದ್ದೇನೆ. ಸಂಬಳದ ಬಾಕಿ ಬಂದದ್ದರಲ್ಲಿ ಇಪ್ಪತ್ತು ಸಾವಿರ ರೂಪಾಯಿಯನ್ನು ನಿನಗಾಗಿಯೇ ಎತ್ತಿಟ್ಟುಕೊಂಡಿರುವೆ ಎಂದು ಓದಿ ಸಂತೋಷವಾಯಿತು. ಮಕ್ಕಳ ಫೀಸು, ಮನೆಯ ಸಾಲ, ತಂಗಿಯ ಮದುವೆ ಎಂದು ಹದಿನೈದು ವರ್ಷ ಬೇರೆಯವರಿಗಾಗಿಯೇ ಖರ್ಚು ಮಾಡಿದವನು ದಿನಕ್ಕೆ ಹತ್ತು ನಿಮಿಷ ಕನ್ನಡಿಯ ಮುಂದೆ ನೆಮ್ಮದಿಯಿಂದ ನಿಲ್ಲಬೇಕೆಂದು ಬಯಸಿದರೆ ಅದನ್ನು ದುಂದುವೆಚ್ಚವೆಂದು ಯಾರೂ ಹೇಳಬಾರದು.

ನೀನು ಕಳಿಸಿದ ಎರಡು ಪಟ್ಟಿಗಳೂ ನನ್ನ ಮುಂದಿವೆ. ಮೊದಲನೆಯದರಲ್ಲಿ ಏಳು ರೇಜರ್, ನಾಲ್ಕು ಬ್ರಷ್, ಹನ್ನೆರಡು ಬಗೆಯ ಸಾಬೂನು ಮತ್ತು ಕ್ರೀಮು, ಜೊತೆಗೆ ನಾಲ್ಕಾರು ಲೋಷನ್ನು. ಎಲ್ಲವೂ ಕೈಗೆಟಕುವ ಬೆಲೆಯವು. ಎರಡನೆಯದರಲ್ಲಿ ಪ್ರಸಿದ್ಧ ಹೆಸರಿನ ಒಂದು ರೇಜರ್, ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಒಂದು ಬ್ರಷ್, ಲಂಡನ್ನಿನಿಂದ ಬರುವ ಒಂದು ಡಬ್ಬಿ ಸಾಬೂನು, ಅಷ್ಟೇ. ಎರಡರ ಮೊತ್ತವೂ ಹೆಚ್ಚುಕಡಿಮೆ ಒಂದೇ. ಎರಡನೆಯ ಪಟ್ಟಿಯ ಕೆಳಗೆ ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ಗಾದೆಯನ್ನು ಬರೆದು ಪ್ರಶ್ನೆಯ ಗುರುತು ಹಾಕಿದ್ದೀಯೆ. ಗಾದೆ ಸರಿಯಾದದ್ದೇ. ಆದರೆ ಶೇವಿಂಗ್ ಸೆಟ್ಟಿನಲ್ಲಿ ಮುತ್ತು ಯಾವುದು ಎಂಬುದನ್ನು ಅದು ಹೇಳುವುದಿಲ್ಲ, ಬೆಲೆಯ ಚೀಟಿಯಂತೂ ಹೇಳುವುದೇ ಇಲ್ಲ. ಅದನ್ನು ತಿಳಿಯಲು ನನಗೆ ಆರು ವರ್ಷ ಹಿಡಿಯಿತು.

ಮೊದಲು ನೀರಿನ ಮಾತು, ಏಕೆಂದರೆ ನಿನ್ನ ಎರಡೂ ಪಟ್ಟಿಗಳಲ್ಲಿ ಅದು ಇಲ್ಲ. ನಮ್ಮ ಕೋಲಾರದಲ್ಲಾಗಲಿ ನಿಮ್ಮ ಚಿಂತಾಮಣಿಯಲ್ಲಾಗಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಮೀರಿ ಕೊರೆದ ಬೋರ್‌ವೆಲ್ಲುಗಳ ನೀರೇ ಬಹುಪಾಲು ಮನೆಗಳ ನಲ್ಲಿಗೆ ಬರುವುದು. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನ ಜೊತೆ ಸೇರಿ, ನೀರಿನಲ್ಲಿ ಕರಗದ ಬಿಳಿಯ ಗಸಿಯಾಗಿಬಿಡುತ್ತವೆ. ನೊರೆಯಾಗಬೇಕಾದ ಸಾಬೂನಿನಲ್ಲಿ ಒಂದು ಪಾಲು ಹೀಗೆ ವ್ಯರ್ಥವಾಗುತ್ತದೆ. ನಿಮ್ಮ ಬಚ್ಚಲಿನ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪೊರೆಯನ್ನು ನೋಡಿದರೆ ಸಾಕು, ಬ್ರಷ್ಷಿನ ತುದಿಯಲ್ಲಿ ಏನಾಗುತ್ತಿದೆಯೆಂದು ಗೊತ್ತಾಗುತ್ತದೆ.

ನಾನು ಮೊದಲ ಬಾರಿಗೆ ದುಬಾರಿ ಸಾಬೂನು ತರಿಸಿದಾಗ ಇದು ನನಗೆ ತಿಳಿದಿರಲಿಲ್ಲ. ಮರದ ಬಟ್ಟಲಿನಲ್ಲಿ ಬಂದ, ಗಂಧದ ಪರಿಮಳವಿದ್ದ ಆ ಸಾಬೂನನ್ನು ಬ್ರಷ್ಷಿನಿಂದ ಎಷ್ಟು ತಿರುವಿದರೂ ಮಜ್ಜಿಗೆಯ ಮೇಲಿನ ಗುಳ್ಳೆಗಳಂತೆ ತೆಳ್ಳನೆಯ ನೊರೆ ಬಂದು ಕೆನ್ನೆಯ ಮೇಲೆ ಒಣಗಿಹೋಗುತ್ತಿತ್ತು. ಸಾಬೂನೇ ಸರಿಯಿಲ್ಲವೆಂದು ಬೈದುಕೊಂಡು ಇನ್ನೊಂದು ತರಿಸಿದೆ, ಮತ್ತೊಂದು ತರಿಸಿದೆ; ಹೀಗೆಯೇ ನನ್ನ ಸಂಗ್ರಹ ಬೆಳೆಯಿತು. ಒಂದು ದಿನ ನಲ್ಲಿಯಲ್ಲಿ ನೀರು ಬಾರದೆ, ಕುಡಿಯಲು ತಂದಿದ್ದ ಇಪ್ಪತ್ತು ಲೀಟರಿನ ಕ್ಯಾನಿನಿಂದ ಅರ್ಧ ಲೋಟ ಫಿಲ್ಟರ್ ನೀರು ಬಗ್ಗಿಸಿಕೊಂಡು ಅದೇ ಹಳೆಯ ಸಾಬೂನನ್ನು ತಿರುವಿದೆ. ಅರ್ಧ ನಿಮಿಷದಲ್ಲಿ ಬ್ರಷ್ಷಿನ ಬುಡದಿಂದ ದಟ್ಟವಾದ, ಹೊಳಪಿನ ನೊರೆ ಎದ್ದು ಬಟ್ಟಲಿನ ಅಂಚಿನವರೆಗೆ ಬಂತು. ಬ್ರಷ್ ಎತ್ತಿದರೆ ಬೆಣ್ಣೆ ಎತ್ತಿದಂತೆ ಅದರ ತುದಿ ಬಾಗಿ ನಿಂತಿತು. ನಾನು ಅಲ್ಲಿಯವರೆಗೆ ಬೈದಿದ್ದ ಸಾಬೂನುಗಳಲ್ಲಿ ಯಾವುದರ ತಪ್ಪೂ ಇರಲಿಲ್ಲ. ಅರ್ಧ ಲೋಟ ಫಿಲ್ಟರ್ ನೀರಿಗೆ ಎಷ್ಟು ಪೈಸೆಯಾದೀತು, ನೀನೇ ಲೆಕ್ಕ ಹಾಕು. ಲಂಡನ್ನಿನ ಸಾಬೂನಿಗೆ ಹಣ ಕಳಿಸುವ ಮೊದಲು ಈ ಒಂದು ಪರೀಕ್ಷೆಯನ್ನು ಮಾಡೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಬೀದಿಯ ಅಂಗಡಿಯಲ್ಲಿ ಸಿಗುವ ಸಾದಾ ಶೇವಿಂಗ್ ಸೋಪನ್ನೋ ಟ್ಯೂಬಿನ ಕ್ರೀಮನ್ನೋ ಎರಡು ನೀರಿನಲ್ಲೂ ನೊರೆ ಮಾಡಿ ನೋಡು.

ಇನ್ನು ರೇಜರ್. ಈ ವಿಷಯದಲ್ಲಿ ನನಗೆ ನಿನ್ನ ಎರಡನೆಯ ಪಟ್ಟಿಯ ಕಡೆಗೇ ಒಲವು, ಆದರೆ ಒಂದು ತಿದ್ದುಪಡಿಯೊಂದಿಗೆ. ನಾನು ಕೊಂಡ ಮೂರನೆಯ ರೇಜರಿನ ಬೆಲೆ ನಾನೂರೈವತ್ತು ರೂಪಾಯಿ. ನೋಡಲು ಬೆಳ್ಳಿಯಂತೆ ಹೊಳೆಯುತ್ತಿತ್ತು, ಹದಿನಾಲ್ಕು ತಿಂಗಳು ಚೆನ್ನಾಗಿಯೇ ಕೆಲಸ ಮಾಡಿತು. ಒಂದು ಬೆಳಿಗ್ಗೆ ಬ್ಲೇಡು ಬದಲಿಸಿ ಹಿಡಿಯನ್ನು ತಿರುಗಿಸುತ್ತಿರುವಾಗ, ತಲೆಯ ಭಾಗದಿಂದ ಕೆಳಗಿಳಿಯುವ ತಿರುಪು ಮುರಿದು, ಹಿಡಿ ಕೈಯಲ್ಲಿ ಉಳಿದು, ತಲೆ ಬ್ಲೇಡಿನ ಸಮೇತ ಬೇಸಿನ್ನಿಗೆ ಬಿತ್ತು. ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ತಿರುಪಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕ್ರೋಮಿನ ಲೇಪ ಎದ್ದುಹೋಗಿ, ಒಳಗಿನ ಬೂದು ಲೋಹ ಉಗುರಿನಿಂದ ಕೆರೆದರೆ ಪುಡಿಯಾಗುವಷ್ಟು ತಿಂದುಹೋಗಿತ್ತು. ಝಮಾಕ್ ಎಂದು ಕರೆಯುವ ಆ ಲೋಹ ಮುಖ್ಯವಾಗಿ ಸತು; ಅದಕ್ಕೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರವನ್ನು ಬೆರೆಸಿರುತ್ತಾರೆ. ಅಚ್ಚಿಗೆ ಹೊಯ್ಯಲು ಸುಲಭವಾದ್ದರಿಂದ ಅಗ್ಗವಾಗಿ ಮಾಡಬಹುದು, ಆದರೆ ಲೇಪ ಒಮ್ಮೆ ಸೀಳಿತೆಂದರೆ ನೀರು ಒಳಹೊಕ್ಕು ತಿನ್ನುತ್ತಾ ಹೋಗುತ್ತದೆ.

ಅಗ್ಗದ ವಸ್ತುವಿನ ಹಣೆಬರಹವೇ ಇಷ್ಟು ಎಂದು ತೀರ್ಮಾನಿಸಿ ನಾನು ಹೆಸರು ನೋಡಿ ಕೊಳ್ಳಲು ಹೊರಟೆ. ಆಗ ತಿಳಿದ ಸಂಗತಿ ಇದು: ಜರ್ಮನಿಯ ಮ್ಯೂಲೆ ಆರ್ 89, ಮೆರ್ಕೂರ್ 34 ಸಿ, ಇಂಗ್ಲೆಂಡಿನ ಎಡ್ವಿನ್ ಜಾಗರ್ ಡಿಇ 89 ಇವುಗಳ ತಲೆಯ ಭಾಗವೂ ಕ್ರೋಮಿನ ಲೇಪವಿರುವ ಅದೇ ಜಾತಿಯ ಲೋಹದ್ದೇ. ಅವು ಒಳ್ಳೆಯ ರೇಜರುಗಳು. ಲೇಪ ಅಚ್ಚುಕಟ್ಟಾಗಿರುತ್ತದೆ, ಬ್ಲೇಡು ಎರಡೂ ಕಡೆ ಸಮನಾಗಿ ಕೂರುತ್ತದೆ, ಒರೆಸಿ ಒಣಗಿಸಿಟ್ಟರೆ ಬಹಳ ಕಾಲ ಬಾಳುತ್ತವೆ. ಹೆಚ್ಚು ಬೆಲೆ ಕೊಟ್ಟ ಮಾತ್ರಕ್ಕೆ ಹೆಚ್ಚು ಬಾಳುವ ಲೋಹ ಸಿಕ್ಕಿತೆಂದು ನಂಬಬಾರದು ಎಂಬುದಷ್ಟೇ ನನ್ನ ಮಾತು. ನಿನ್ನ ಪಟ್ಟಿಯಲ್ಲಿ ರೇಜರಿನ ಹೆಸರಿದೆ, ಯಾವ ಲೋಹದ್ದು ಎಂದಿಲ್ಲ. ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳು. 316 ಎಲ್ ಎಂಬ ದರ್ಜೆಯದಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಸೇರಿಸಿದ ಮಾಲಿಬ್ಡಿನಂ ಎಂಬ ಲೋಹದಿಂದಾಗಿ ಉಪ್ಪುನೀರನ್ನೂ ತಡೆದುಕೊಳ್ಳುತ್ತದೆ. ಹಾಗೆ ಮಾಡಿದ ರೇಜರಿನಲ್ಲಿ ಎದ್ದುಹೋಗಲು ಲೇಪವೇ ಇರುವುದಿಲ್ಲ. ನಮ್ಮಂಥ ನೀರಿನ ಊರಿನಲ್ಲಿ ಹಣ ಕೊಡಬೇಕಾದದ್ದು ಇದಕ್ಕೆ, ಮಖಮಲ್ಲಿನ ಪೆಟ್ಟಿಗೆಗಲ್ಲ.

ಇನ್ನು ಬ್ಲೇಡು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ತೆಳು ಬ್ಲೇಡಿನ ಸೇಫ್ಟಿ ರೇಜರನ್ನು ಮಾರುಕಟ್ಟೆಗೆ ತಂದ ಮೊದಲ ವರ್ಷ, ಅಂದರೆ 1903ರಲ್ಲಿ, ಮಾರಾಟವಾದದ್ದು 51 ರೇಜರ್ ಮತ್ತು 168 ಬ್ಲೇಡು ಮಾತ್ರ. ಮರುವರ್ಷ ಅವನಿಗೆ ಪೇಟೆಂಟ್ ಸಿಕ್ಕಿತು. ಆಗ ಒಂದು ರೇಜರಿನ ಬೆಲೆ 5 ಡಾಲರ್, ಆ ಕಾಲದ ಸಾಧಾರಣ ಕೂಲಿಯವನಿಗೆ ಅದು ದುಬಾರಿಯೇ. ಹಿಡಿಯನ್ನು ಒಮ್ಮೆ ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳಬೇಕು, ಸವೆದ ಬ್ಲೇಡನ್ನು ಎಸೆದು ಹೊಸದನ್ನು ಹಾಕಬೇಕು ಎಂಬುದೇ ಆ ಉಪಾಯದ ತಿರುಳು. ಈಗ ಯಾವ ದೇಶದ ಎರಡಲಗಿನ ಬ್ಲೇಡನ್ನಾದರೂ ಯಾವ ದೇಶದ ಇಂಥ ರೇಜರಿಗಾದರೂ ಹಾಕಬಹುದು. ನಿನ್ನ ಮೊದಲ ಪಟ್ಟಿಯ ಆಸೆ, ಹಲವನ್ನು ಪ್ರಯೋಗಿಸಿ ನೋಡಬೇಕೆಂಬ ಆಸೆ, ತೀರಬೇಕಾದದ್ದು ಇಲ್ಲಿ. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್, ಜಪಾನಿನ ಫೆದರ್ ಹೀಗೆ ಎಂಟು ಹತ್ತು ಬಗೆಯ ಬ್ಲೇಡನ್ನು ಒಂದೊಂದು ಪ್ಯಾಕೆಟ್ ತಂದರೂ ಒಂದು ಒಳ್ಳೆಯ ರೇಜರಿನ ಬೆಲೆ ಮೀರುವುದು ಕಷ್ಟ. ಚರ್ಮಕ್ಕೆ ತಾಗುವುದು ಬ್ಲೇಡಿನ ಅಂಚೇ ಹೊರತು ಹಿಡಿಯಲ್ಲ. ಫೆದರ್ ಬಹಳ ಹರಿತವೆಂದು ಎಲ್ಲರೂ ಹೊಗಳುತ್ತಾರೆ, ನನ್ನ ಕುತ್ತಿಗೆಗೆ ಅದು ಒಗ್ಗಲಿಲ್ಲ. ಊರಿನ ಅಂಗಡಿಯ ಕೆಲವೇ ರೂಪಾಯಿಯ ಬ್ಲೇಡೊಂದು ಒಗ್ಗಿತು. ನಿನ್ನ ಗಡ್ಡ ನನ್ನದಕ್ಕಿಂತ ಒರಟು, ನಿನಗೆ ತದ್ವಿರುದ್ಧವಾಗಬಹುದು.

ಬ್ಲೇಡು ಬೇಗ ಮೊಂಡಾಗುವುದೇಕೆ ಎಂದು ನೀನು ಕೇಳಿದ್ದೆಯಲ್ಲ. ಕೂದಲು ಬ್ಲೇಡಿನ ಉಕ್ಕಿಗಿಂತ ಐವತ್ತು ಪಟ್ಟು ಮೆದು. ಆದರೂ ಅಂಚು ಹೋಗುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸಿ ನೋಡಿದಾಗ, ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ಚಕ್ಕೆಗಳಾಗಿ ಮುಕ್ಕಾಗುತ್ತದೆ ಎಂಬುದು ಕಂಡುಬಂತು. ಗಡಿಯಾರ ಗೋಪುರದ ಹತ್ತಿರ ನಾನು ಕ್ಷೌರಕ್ಕೆ ಹೋಗುವ ಅಂಗಡಿಯಾತ ಇಂಥ ಸಂಶೋಧನೆಯನ್ನೇನೂ ಓದಿದವರಲ್ಲ. ಅವರ ಬಳಿ ಒಂದು ಬ್ರಷ್, ಒಂದು ಕತ್ತಿ, ಒಂದು ಪಟಿಕದ ತುಂಡು ಇರುವುದು. ಪ್ರತಿ ಗಿರಾಕಿಗೂ ಹೊಸ ಬ್ಲೇಡು ತೆಗೆದು, ಕಾಗದದ ಸಮೇತ ಉದ್ದಕ್ಕೆ ಬಾಗಿಸಿ ಟಕ್ಕೆಂದು ಎರಡು ಹೋಳು ಮಾಡಿ, ಒಂದು ಹೋಳನ್ನು ಕತ್ತಿಯ ಬಾಯಿಗೆ ಸಿಕ್ಕಿಸುತ್ತಾರೆ. ನೊರೆ ಹಚ್ಚಿ ಹಾಗೇ ಬಿಟ್ಟು, ಇನ್ನೊಬ್ಬರ ತಲೆ ಬಾಚಿ ಬಂದು, ಮತ್ತೆ ನೀರು ಮುಟ್ಟಿಸಿ ನೊರೆ ಹಚ್ಚುತ್ತಾರೆ. “ಗಡ್ಡ ನೀರು ಕುಡೀಬೇಕು ಸಾರ್, ಆಮೇಲೆ ಕತ್ತಿ ತಾನೇ ಹೋಗುತ್ತೆ” ಎಂದರು ಒಮ್ಮೆ. ನೆನೆದ ಕೂದಲು ಮೆತ್ತಗಾಗುತ್ತದೆ, ಅಂಚಿಗೆ ಪೆಟ್ಟು ಕಡಿಮೆಯಾಗುತ್ತದೆ. ಅವರ ಕೈಯಲ್ಲಿ ನನ್ನ ಮುಖಕ್ಕೆ ಸಿಗುವ ಸುಖ, ನನ್ನ ಬೀರುವಿನಲ್ಲಿದ್ದ ಯಾವ ಡಬ್ಬಿಯಿಂದಲೂ ಬಹುಕಾಲ ಸಿಕ್ಕಿರಲಿಲ್ಲ. ಮೂರು ನಿಮಿಷ ಬಿಸಿನೀರು, ಒತ್ತದೆ ರೇಜರಿನ ತೂಕದಿಂದಲೇ ಎಳೆಯುವುದು, ಕೂದಲು ಮಲಗಿದ ದಿಕ್ಕಿಗೆ ಮೊದಲ ಸಲ. ಇಷ್ಟನ್ನು ಅವರಿಂದ ಕಲಿತ ಮೇಲೆಯೇ ಕುತ್ತಿಗೆಯ ಗುಳ್ಳೆಗಳು ನನ್ನನ್ನು ಬಿಟ್ಟದ್ದು.

ಬ್ರಷ್ಷಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಡ್ಜರ್ ಕೂದಲಿನದು ಮೃದು, ನೀರು ಚೆನ್ನಾಗಿ ಹಿಡಿಯುತ್ತದೆ, ಆದರೆ ನಿಧಾನವಾಗಿ ಒಣಗುತ್ತದೆ. ಒಳ್ಳೆಯ ಸಿಂಥೆಟಿಕ್ ಬ್ರಷ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬೇಗ ಒಣಗುತ್ತದೆ, ನೊರೆಯಲ್ಲಿ ಏನೂ ಕೊರತೆಯಾಗದು. ಒಂದು ಸಾಕು. ಲೋಷನ್ನುಗಳನ್ನು ಬಿಟ್ಟೇಬಿಡು, ಪಟಿಕ ಇದೆ.

ಮೊದಲ ಪಟ್ಟಿಯಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಅದರ ಖರ್ಚಲ್ಲ. ನನ್ನ ಬಳಿ ಹನ್ನೊಂದು ರೇಜರ್ ಕೂಡಿದ್ದವು. ಯಾವ ದಿನ ಯಾವ ರೇಜರ್, ಯಾವ ಬ್ಲೇಡು, ಎಷ್ಟನೆಯ ಸಲ ಎಂದು ಬರೆದಿಟ್ಟಿದ್ದ ನೋಟುಬುಕ್ಕನ್ನು ಈ ವಾರ ತಿರುವಿದಾಗ, ಅವುಗಳಲ್ಲಿ ಮೂರನ್ನು ಬಿಟ್ಟರೆ ಉಳಿದ ಯಾವುದನ್ನೂ ನಾನು ಸತತವಾಗಿ ಒಂದು ತಿಂಗಳು ಬಳಸಿಲ್ಲವೆಂಬುದು ಕಾಣಿಸಿತು. ಒಂದು ರೇಜರಿನ ಕೋನ ಕೈಗೆ ಹತ್ತುವ ಮೊದಲೇ ಇನ್ನೊಂದು ಬಂದಿರುತ್ತಿತ್ತು. ಕುತ್ತಿಗೆ ಉರಿದರೆ ಅದು ಬ್ಲೇಡಿನಿಂದಲೋ, ನೀರಿನಿಂದಲೋ, ನಾನು ಒತ್ತಿದ್ದರಿಂದಲೋ ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಎಲ್ಲವೂ ದಿನದಿನವೂ ಬದಲಾಗುತ್ತಿದ್ದವು. ಏಳು ರೇಜರುಗಳನ್ನು ಒಟ್ಟಿಗೆ ಮನೆಗೆ ತಂದರೆ ನಿನಗೂ ಹೀಗೆಯೇ ಆಗುತ್ತದೆಂಬ ಭಯ ನನಗಿದೆ. ಹಾಗೆಂದು ದುಬಾರಿಯ ಒಂದನ್ನೇ ಕಣ್ಣುಮುಚ್ಚಿ ತರಿಸುವುದೂ ಬೇಡ. ಬ್ಲೇಡಿಗೂ ಅದರ ಕೆಳಗಿನ ಲೋಹದ ಪಟ್ಟಿಗೂ ನಡುವಿನ ಅಂತರ ರೇಜರಿನಿಂದ ರೇಜರಿಗೆ ಬೇರೆ. ಮಿಲಿಮೀಟರಿನ ಒಂದೆರಡು ದಶಾಂಶ ಹೆಚ್ಚಾದರೂ ಕೆನ್ನೆಗೆ ಗೊತ್ತಾಗುತ್ತದೆ. ಒರಟು ಗಡ್ಡಕ್ಕೆ ಅಂತರ ಹೆಚ್ಚಿರುವುದು ಹಿತ, ತೆಳು ಚರ್ಮಕ್ಕೆ ಕಡಿಮೆಯಿರುವುದು ಹಿತ. ನಿನ್ನ ಗಡ್ಡ ಒರಟು, ಚರ್ಮ ತೆಳು. ನಿನಗೆ ಯಾವುದು ಸರಿಯೆಂದು ಇಲ್ಲಿ ಕುಳಿತು ನಾನು ಹೇಳಲಾರೆ.

ಆದ್ದರಿಂದ ಹೀಗೆ ಮಾಡೋಣ. ಹಣವನ್ನು ಮೂರು ತಿಂಗಳು ಬ್ಯಾಂಕಿನಲ್ಲೇ ಬಿಡು. ಬರುವ ಭಾನುವಾರ ಕೋಲಾರಕ್ಕೆ ಬಾ. ನನ್ನ ಬಳಿ ಕಡಿಮೆ, ಮಧ್ಯಮ, ಹೆಚ್ಚು ಅಂತರದ ಮೂರು ರೇಜರುಗಳನ್ನು ತೊಳೆದು ಬಿಸಿನೀರಿಗೆ ಹಾಕಿ ತೆಗೆದಿಟ್ಟಿದ್ದೇನೆ. ಅವುಗಳನ್ನು ಒಯ್ದು ತಿಂಗಳಿಗೊಂದರಂತೆ, ಒಂದೇ ಬಗೆಯ ಬ್ಲೇಡು ಮತ್ತು ಒಂದೇ ಸಾಬೂನಿನಲ್ಲಿ ಬಳಸು. ಆಮೇಲೆ ಯಾವ ಅಂತರದ ಸ್ಟೀಲಿನ ರೇಜರ್ ಕೊಳ್ಳಬೇಕೆಂದು ನಿನ್ನ ಕೆನ್ನೆಯೇ ಹೇಳುತ್ತದೆ, ಉಳಿದ ಹಣದಲ್ಲಿ ನೀನು ಆಸೆಪಟ್ಟ ಆ ಲಂಡನ್ನಿನ ಸಾಬೂನನ್ನೂ ತರಿಸಬಹುದು. ಬರುವಾಗ ನಿಮ್ಮ ಮನೆಯ ನಲ್ಲಿಯ ನೀರನ್ನು ಒಂದು ಬಾಟಲಿಯಲ್ಲಿ ಮರೆಯದೆ ತಾ. ನೊರೆ ಬರುತ್ತದೆಯೋ ಇಲ್ಲವೋ ಇಲ್ಲಿಯೇ ನೋಡಿಬಿಡೋಣ.

ಅತ್ತಿಗೆಯವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ಗೆಳೆಯ