ಚಾಪ್ಲಿನ್ ಬೇಡವೆಂದ ರೀಲುಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಮೂರು ವಾರಗಳಾದವು. ದೀಪಾವಳಿಗೆ ಅಮೆರಿಕದಿಂದ ಬರಲಿರುವ ನಿನ್ನ ಅಕ್ಕನ ಮಗನ ಕೈಯಲ್ಲಿ ಮೂಕಿ ಯುಗದ ಹಾಸ್ಯನಟರನ್ನು ಕುರಿತ ಸಾಕ್ಷ್ಯಚಿತ್ರಗಳ ಡಿಸ್ಕುಗಳನ್ನು ತರಿಸಿಕೊಳ್ಳಬೇಕೆಂದಿದ್ದೀಯೆ. ಯಾವುದು ಒಳ್ಳೆಯದು ಎಂದು ಕೇಳಿದ್ದೀಯೆ. ನನ್ನ ಬೀರುವಿನಲ್ಲಿರುವುದನ್ನು ಇನ್ನೊಮ್ಮೆ ನೋಡದೆ ಉತ್ತರ ಬರೆಯುವುದು ಸರಿಯಲ್ಲವೆನಿಸಿತು. ನೋಡಲು ಕುಳಿತ ಮೇಲೆ ಏಳುವ ಮನಸ್ಸಾಗಲಿಲ್ಲ. ತಡವಾದದ್ದು ಹೀಗೆ.

ಒಂದನ್ನೇ ತರಿಸುವುದಾದರೆ ಯೋಚಿಸದೆ ‘ಅನ್‌ನೋನ್ ಚಾಪ್ಲಿನ್’ ತರಿಸು. ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್‌ಗಾಗಿ ಮಾಡಿದ, 1983ರಲ್ಲಿ ಪ್ರಸಾರವಾದ ಮೂರು ಕಂತುಗಳ ಸರಣಿಯಿದು. ಅಮೆರಿಕದಲ್ಲಿ 2005ರಲ್ಲಿ ಡಿವಿಡಿಯಾಗಿ ಬಂತು. ಚಾಪ್ಲಿನ್ 1916 ಮತ್ತು 1917ರಲ್ಲಿ ಮ್ಯೂಚುವಲ್ ಕಂಪನಿಗೆ ಹನ್ನೆರಡು ಕಿರುಚಿತ್ರಗಳನ್ನು ಮಾಡಿಕೊಟ್ಟನಷ್ಟೆ. ಆಗ ಅವನ ಬಳಿ ಬರೆದಿಟ್ಟ ಚಿತ್ರಕಥೆಯೆಂಬುದು ಇರಲಿಲ್ಲ. ಸೆಟ್ಟು ಹಾಕಿಸಿ, ನಟರನ್ನು ನಿಲ್ಲಿಸಿ, ಕ್ಯಾಮೆರಾ ಓಡುತ್ತಿರುವಾಗಲೇ ತಾಲೀಮು ನಡೆಸುತ್ತಿದ್ದ. ಹೊಳೆದದ್ದನ್ನು ಮಾಡಿ ನೋಡಿ, ಸರಿಬಾರದ್ದನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಹಾಗೆ ಬಿಟ್ಟದ್ದನ್ನೆಲ್ಲ ನಾಶಮಾಡಬೇಕೆಂಬುದು ಅವನ ಕಟ್ಟಪ್ಪಣೆಯಾಗಿತ್ತು. ಆದರೂ ಒಂದು ರಾಶಿ ಉಳಿದುಕೊಂಡು, ಸಂಗ್ರಾಹಕ ರೇಮಂಡ್ ರೊಹಾವರ್‌ನ ಕೈಸೇರಿತ್ತು. ಬ್ರೌನ್‌ಲೋ ಮತ್ತು ಗಿಲ್ ಮಾಡಿದ ಜಾಣತನವೆಂದರೆ, ಪ್ರತಿ ಟೇಕಿನ, ಅಂದರೆ ಒಂದೊಂದು ಸಲದ ಚಿತ್ರೀಕರಣದ, ಆರಂಭದಲ್ಲಿ ಕ್ಯಾಮೆರಾದ ಮುಂದೆ ಹಿಡಿದ ಸ್ಲೇಟಿನ ಅಂಕಿಗಳನ್ನು ಹಿಡಿದು ಆ ರಾಶಿಯನ್ನು ಚಿತ್ರೀಕರಣವಾದ ಕ್ರಮದಲ್ಲೇ ಜೋಡಿಸಿದ್ದು. ಅಷ್ಟಾದದ್ದೇ ತಡ, ಒಬ್ಬ ಮನುಷ್ಯ ಯೋಚಿಸುವುದನ್ನು ನಾವು ಕಣ್ಣಾರೆ ನೋಡುವಂತಾಯಿತು.

‘ದಿ ಇಮಿಗ್ರಂಟ್’ ನೆನಪಿದೆಯಲ್ಲ? ಹಡಗಿನಲ್ಲಿ ವಲಸಿಗರು ಬಂದಿಳಿಯುವುದು ಮೊದಲು, ಹೋಟೆಲಿನಲ್ಲಿ ಊಟಮಾಡಿ ಜೇಬಿನಲ್ಲಿ ಕಾಸಿಲ್ಲವೆಂದು ತಿಳಿಯುವುದು ಆಮೇಲೆ. ಚಿತ್ರೀಕರಣವಾದದ್ದು ಇದಕ್ಕೆ ತಿರುಗುಮುರುಗಾಗಿ. ಮೊದಲು ಇದ್ದದ್ದು ಹೋಟೆಲು ಮಾತ್ರ. ಅಲ್ಲಿನ ಮಾಣಿಯ ಪಾತ್ರವನ್ನು ಹೆನ್ರಿ ಬರ್ಗ್‌ಮನ್ ಮಾಡುತ್ತಿದ್ದ. ದೃಶ್ಯದಲ್ಲಿ ಭಯವೇ ಹುಟ್ಟುತ್ತಿರಲಿಲ್ಲ. ಟೇಕುಗಳು ಮುಂದುವರಿದಂತೆ ಬರ್ಗ್‌ಮನ್ ಮಾಯವಾಗಿ ಆ ಜಾಗದಲ್ಲಿ ಪರ್ವತದಂಥ ಎರಿಕ್ ಕ್ಯಾಂಪ್‌ಬೆಲ್ ಬಂದು ನಿಲ್ಲುತ್ತಾನೆ, ಬಿಲ್ ಕೊಡಲಾಗದವನ ಎದೆ ಝಲ್ಲೆನ್ನುತ್ತದೆ, ದೃಶ್ಯಕ್ಕೆ ಜೀವ ಬರುತ್ತದೆ. ಈ ಹುಡುಗನ ಬಳಿ ಕಾಸಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ ಚಾಪ್ಲಿನ್ ಹಡಗನ್ನು ತಲುಪಿದ. ನಡುವೆ ಪಾಪ, ನಾಯಕಿ ಎಡ್ನಾ ಪರ್ವಿಯನ್ಸ್ ಟೇಕಿನ ಮೇಲೆ ಟೇಕಿಗೆ ತಟ್ಟೆಗಟ್ಟಲೆ ಹುರುಳಿಕಾಯಿ ಬೀಜ ತಿಂದು ಹೊಟ್ಟೆ ಕೆಡಿಸಿಕೊಂಡಳಂತೆ. ಟಿವಿಯಲ್ಲಿ ಪ್ರಸಾರವಾದಾಗ ನೋಡಿದವರಿಗೆ ಆ ಸ್ಲೇಟುಗಳು ಮಿಂಚಿ ಮರೆಯಾಗಿರಬೇಕು. ನಾನು ರಿಮೋಟು ಹಿಡಿದು ಒಂದೊಂದು ಸ್ಲೇಟಿನಲ್ಲೂ ಚಿತ್ರವನ್ನು ನಿಲ್ಲಿಸಿ, ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಗುರುತುಹಾಕಿಕೊಂಡು ನೋಡಿದೆ. ಡಿಸ್ಕನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಎರಡನೆಯ ಕಂತಿನಲ್ಲಿ ‘ಸಿಟಿ ಲೈಟ್ಸ್’ ಬರುತ್ತದೆ. ಕುರುಡಿ ಹೂವಾಡಗಿತ್ತಿ, ಚಾಪ್ಲಿನ್ ತಾನೇ ಮಾಡುವ ಅಲೆಮಾರಿಯನ್ನು ಸಾಹುಕಾರನೆಂದು ತಪ್ಪು ತಿಳಿಯಬೇಕು. ಮೂಕಿಚಿತ್ರದಲ್ಲಿ ಅದನ್ನು ತೋರಿಸುವುದು ಹೇಗೆ? ಕಾರಿನ ಬಾಗಿಲು ಮುಚ್ಚಿಕೊಳ್ಳುವ ಸದ್ದು ಎಂಬ ಉಪಾಯ ಹೊಳೆಯುವವರೆಗೆ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ಪುಟ್ಟ ದೃಶ್ಯಕ್ಕೆ 342 ಟೇಕುಗಳಾದವೆಂಬ ಲೆಕ್ಕ ಪ್ರಸಿದ್ಧವಾದದ್ದೇ. ಆದರೆ ವ್ಯಂಗ್ಯಚಿತ್ರಕಾರ ರಾಲ್ಫ್ ಬಾರ್ಟನ್ ಸೆಟ್ಟಿನಲ್ಲಿ ತನ್ನ ಸಣ್ಣ ಕ್ಯಾಮೆರಾದಿಂದ ತೆಗೆದಿಟ್ಟ ತುಣುಕನ್ನು ನೋಡಿದಾಗ, ಚಾಪ್ಲಿನ್ ತಾನೇ ಆ ಹುಡುಗಿಯಂತೆ ಹೂವು ನೀಡಿ ತೋರಿಸುವುದನ್ನು ಕಂಡಾಗ, ಆ ಸಂಖ್ಯೆ ಬರಿಯ ಸಂಖ್ಯೆಯಾಗಿ ಉಳಿಯುವುದಿಲ್ಲ.

ಮೂರನೆಯ ಕಂತಿನಲ್ಲಿರುವುದು ಇದೇ ‘ಸಿಟಿ ಲೈಟ್ಸ್’ನಿಂದ ಅವನು ಕತ್ತರಿಸಿ ತೆಗೆದ ಸುಮಾರು ಏಳು ನಿಮಿಷಗಳ ಒಂದು ದೃಶ್ಯ. ಕಾಲುದಾರಿಯ ಕಬ್ಬಿಣದ ಜಾಲರಿಯಲ್ಲಿ ಒಂದು ಕಡ್ಡಿ ಅಡ್ಡಡ್ಡಲಾಗಿ ಸಿಕ್ಕಿಕೊಂಡಿದೆ. ಅಲೆಮಾರಿ ಅದನ್ನು ತನ್ನ ಬೆತ್ತದಿಂದ ಕೆಳಕ್ಕೆ ನೂಕಲು ನೋಡುತ್ತಾನೆ. ಒಂದು ತುದಿಯನ್ನು ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ಇಷ್ಟೇ ಸಂಗತಿ. ಹಿಂದೆ ಜನ ಸೇರುತ್ತಾರೆ, ಅಂಗಡಿಯ ಗಾಜಿನೊಳಗಿನ ಕೆಲಸಗಾರ ಸನ್ನೆಯಲ್ಲೇ ಬುದ್ಧಿ ಹೇಳತೊಡಗುತ್ತಾನೆ, ಗುಂಪು ಚೆದರಿಸಲು ಪೊಲೀಸು ಬರುತ್ತಾನೆ. ಸೊಪ್ಪು ಬಿಡಿಸುತ್ತ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದ ಅಮ್ಮ ಕೆಲಸ ನಿಲ್ಲಿಸಿ, ಬಗ್ಗಿ ಕೈಯಿಂದ ತೆಗೆಯಬಾರದೇ ಎಂದು ಅವನನ್ನೇ ಗದರಿಸಿದರು. ಕೊನೆಗೆ ಏನಾಗುತ್ತದೆಂದು ನಾನು ಬರೆಯುವುದಿಲ್ಲ. ಇಂಥದ್ದನ್ನು, ಚಿತ್ರದ ಕಥೆಗೆ ಬೇಕಿಲ್ಲವೆಂಬ ಒಂದೇ ಕಾರಣಕ್ಕೆ, ಕಿತ್ತು ಬದಿಗಿಡುವ ಧೈರ್ಯ ಎಷ್ಟು ಜನರಿಗಿದ್ದೀತು?

ಇನ್ನೊಂದು ಮಾತು. ಬ್ರೌನ್‌ಲೋ ಮತ್ತು ಗಿಲ್ ತಮ್ಮ ಸರಣಿಗಳಲ್ಲಿ ಹಳೆಯ ಚಿತ್ರಗಳನ್ನು ಸರಿಯಾದ ವೇಗದಲ್ಲಿ ಓಡಿಸುತ್ತಾರೆ. ಮೂಕಿಚಿತ್ರವೆಂದರೆ ಇರುವೆಗಳಂತೆ ಗಡಿಬಿಡಿಯಿಂದ ಓಡಾಡುವ ಮನುಷ್ಯರು ಎಂದು ನಾವು ಚಿಕ್ಕಂದಿನಲ್ಲಿ ನಂಬಿದ್ದು, ನಿಧಾನವಾಗಿ ತೆಗೆದದ್ದನ್ನು ಟಾಕಿಯ ವೇಗದಲ್ಲಿ ಓಡಿಸುತ್ತಿದ್ದುದರಿಂದ. ನಿರೂಪಕನೂ ಇಲ್ಲಿ ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸುಮ್ಮನಿರುತ್ತಾನೆ. ನಗು ಬರುವ ಜಾಗದಲ್ಲೇ ಬಾಯಿ ಹಾಕಿ ವಿವರಿಸುವ ಸಾಕ್ಷ್ಯಚಿತ್ರಗಳನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೇನೆ.

ಆ ನಿರೂಪಕ ನಟ ಜೇಮ್ಸ್ ಮೇಸನ್. 1950ರ ದಶಕದಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಅವನು ವಾಸವಾಗಿದ್ದದ್ದು ಮೂಕಿ ಯುಗದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಹಿಂದೆ ಕಟ್ಟಿಸಿದ್ದ ಬಂಗಲೆಯಲ್ಲಿ. ಅಲ್ಲಿ ಮುಚ್ಚಿಬಿದ್ದಿದ್ದ ಒಂದು ಕೋಣೆಯಲ್ಲಿ ಕೀಟನ್‌ನ ಚಿತ್ರಗಳ, ಬೇಗ ಕೆಟ್ಟುಹೋಗುವ ನೈಟ್ರೇಟ್ ರೀಲುಗಳು ಸಿಕ್ಕವು. ಅವನ್ನು ಉಳಿಸುವ ಕೆಲಸಕ್ಕೆ ಕೈಹಾಕಿದವನು ಅದೇ ರೊಹಾವರ್. ಕಥೆಯಲ್ಲಿ ಬರೆದರೆ ಕಟ್ಟುಕಥೆ ಎಂದಾರು.

ಕೀಟನ್ ವಿಷಯದಲ್ಲಿ ಆಯ್ಕೆ ಅಷ್ಟು ಸುಲಭವಲ್ಲ. ಇದೇ ಜೋಡಿ 1987ರಲ್ಲಿ ಮಾಡಿದ ‘ಎ ಹಾರ್ಡ್ ಆಕ್ಟ್ ಟು ಫಾಲೋ’ ನಿಸ್ಸಂದೇಹವಾಗಿ ಎಲ್ಲಕ್ಕಿಂತ ಮೇಲು. ಆದರೆ ಇಂಥ ಸರಣಿಗಳಲ್ಲಿ ಬಳಸಿದ ಪ್ರತಿಯೊಂದು ತುಣುಕಿಗೂ ಬೇರೆ ಬೇರೆ ಹಕ್ಕುದಾರರಿರುತ್ತಾರೆ. ಪ್ರಸಾರಕ್ಕೆಂದು ಪಡೆದ ಅನುಮತಿ ಡಿಸ್ಕಿಗೆ ಸಲ್ಲುವುದಿಲ್ಲ. ಅವರ ಹದಿಮೂರು ಕಂತುಗಳ ‘ಹಾಲಿವುಡ್’ ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ ಬಂದು, ಡಿವಿಡಿಯ ಕಾಲದಲ್ಲಿ ಹಿಂದೆ ಬಿದ್ದದ್ದು ಈ ತೊಡಕಿನಿಂದಲೇ. ಪೀಟರ್ ಬೊಗ್ಡಾನೊವಿಚ್‌ನ ‘ದಿ ಗ್ರೇಟ್ ಬಸ್ಟರ್’ (2018) ಬ್ಲೂ-ರೇಯಲ್ಲಿ ಸಿಗುತ್ತದೆ. ಕೀಟನ್‌ನ ಮರಣವನ್ನು ನಡುವೆಯೇ ಹೇಳಿ ಮುಗಿಸಿ, 1923ರಿಂದ 1928ರವರೆಗಿನ ಹತ್ತು ದೊಡ್ಡ ಚಿತ್ರಗಳನ್ನು ಕೊನೆಗೆ ಇಟ್ಟುಕೊಂಡದ್ದು ನನಗೆ ಮೆಚ್ಚುಗೆಯಾಯಿತು. ಹೊಗಳುವವರ ಸಾಲು ಮಾತ್ರ ಉದ್ದವಾಯಿತು.

ನನ್ನ ಮನಸ್ಸು ಹೋಗುವುದು ‘ಬಸ್ಟರ್ ಕೀಟನ್ ರೈಡ್ಸ್ ಅಗೇನ್’ ಕಡೆಗೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1965ರಲ್ಲಿ ಹೊರತಂದದ್ದು. ರೈಲುಹಳಿಯ ಮೇಲೆ ಪುಟ್ಟ ಗಾಡಿಯಲ್ಲಿ ಕುಳಿತು ಕೆನಡಾವನ್ನು ದಾಟುವ ‘ದಿ ರೈಲ್‌ರಾಡರ್’ ಎಂಬ ಕಿರುಚಿತ್ರದ ಚಿತ್ರೀಕರಣವನ್ನು ಪಕ್ಕದಲ್ಲೇ ನಿಂತು ನೋಡಿದ ಚಿತ್ರವದು. ಕೀಟನ್‌ಗೆ ಆಗ ಅರವತ್ತೊಂಬತ್ತು. ಎತ್ತರದ ಸೇತುವೆಯನ್ನು ದಾಟುವಾಗ ಬಿಚ್ಚಿದ ದೊಡ್ಡ ನಕ್ಷೆ ತನ್ನ ಮೈಗೆಲ್ಲ ಸುತ್ತಿಕೊಳ್ಳಬೇಕೆಂದು ಅವನ ಹಟ. ಅಪಾಯವೆಂದು ಯುವ ನಿರ್ದೇಶಕನ ಹಿಂಜರಿಕೆ. ಮುದುಕ ಹೆಂಡತಿಯ ಎದುರು ಗೊಣಗುತ್ತಾನೆ, ಇದೇನು ಮಹಾ ಎನ್ನುವಂತೆ ಕೈಯಾಡಿಸುತ್ತಾನೆ, ಕೊನೆಗೆ ತನ್ನದೇ ಸಾಧಿಸುತ್ತಾನೆ. 1966ರ ಫೆಬ್ರುವರಿ 1ರಂದು ಅವನು ತೀರಿಕೊಂಡ. ಇದು ಆ ಸಂಸ್ಥೆಯ ಜಾಲತಾಣದಲ್ಲೇ ನೋಡಲು ಸಿಗುತ್ತದೆ. ಡಿಸ್ಕಿಗೆ ಹಣ ಹಾಕಬೇಡ.

ಹೆರಾಲ್ಡ್ ಲಾಯ್ಡ್‌ನನ್ನು ಕುರಿತ ‘ದಿ ಥರ್ಡ್ ಜೀನಿಯಸ್’ (1989) ಹುಡುಕಿದರೆ ಬಿಡಿಯಾಗಿ ಸಿಕ್ಕೀತೆಂದು ನಾನು ಬಹಳ ದಿನ ಅಲೆದೆ. ಅದು ಅಡಗಿ ಕುಳಿತದ್ದು ಕ್ರೈಟೀರಿಯನ್ ಕಂಪನಿ 2013ರಲ್ಲಿ ತಂದ ಲಾಯ್ಡ್‌ನ ‘ಸೇಫ್ಟಿ ಲಾಸ್ಟ್!’ ಚಿತ್ರದ ಡಿಸ್ಕಿನಲ್ಲಿ, ಹೆಚ್ಚುವರಿ ಸಾಮಗ್ರಿಯಾಗಿ. ಗಡಿಯಾರದ ಮುಳ್ಳು ಹಿಡಿದು ತೂಗಾಡುವ ಅವನ ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ, 1919ರಲ್ಲಿ ಆಟಿಕೆಯೆಂದುಕೊಂಡ ಬಾಂಬು ಸಿಡಿದು ಹೋಗಿದ್ದವು, ಕಾಣುವುದು ಕೈಗವಸು ಎಂದು ತಿಳಿದ ಮೇಲೆ ಚಿತ್ರವನ್ನು ಮತ್ತೆ ಹಾಕಿ ನೋಡು. ಎರಡೂ ಒಂದೇ ಡಿಸ್ಕಿನಲ್ಲಿರುವುದರ ಲಾಭವದು. ಕೀಟನ್‌ನ ಎಂಜಿಎಂ ಸ್ಟುಡಿಯೋದ ದಿನಗಳ ಕಥೆ ಹೇಳುವ ‘ಸೋ ಫನಿ ಇಟ್ ಹರ್ಟ್’ ಕೂಡ ಹೀಗೆಯೇ, ಅದೇ ಕಂಪನಿಯ ‘ದಿ ಕ್ಯಾಮೆರಾಮನ್’ ಡಿಸ್ಕಿನೊಳಗಿದೆ. ಆದ್ದರಿಂದ ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದದೆ ಯಾವುದನ್ನೂ ಕೊಳ್ಳಬೇಡವೆಂದು ಹುಡುಗನಿಗೆ ಹೇಳು.

ರೀಜನ್ ಕೋಡ್, ಅಂದರೆ ಒಂದು ವಲಯದ ಡಿಸ್ಕು ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೀಗ, ಅದರ ವಿಚಾರ ಮರೆಯಬೇಡ. ಅಮೆರಿಕದ ಡಿವಿಡಿ ಒಂದನೆಯ ವಲಯದ್ದು, ನಮ್ಮದು ಐದನೆಯದು. ಬ್ಲೂ-ರೇಯಲ್ಲಿ ಅವರದು ಎ, ನಮ್ಮದು ಸಿ. ಇದು ತಿಳಿಯದೆ ನಾನು ಮೊದಲ ಡಿಸ್ಕನ್ನು ತರಿಸಿ, ಪ್ಲೇಯರಿಗೆ ಹಾಕಿ, ಪರದೆಯ ಮೇಲೆ ಮೂಡಿದ ಎರಡು ಸಾಲಿನ ನಿರಾಕರಣೆಯನ್ನು ಒಂದು ಸಂಜೆಯಿಡೀ ನೋಡುತ್ತ ಕುಳಿತಿದ್ದೆ. ಕೆಲವು ಡಿವಿಡಿ ಪ್ಲೇಯರುಗಳನ್ನು ರಿಮೋಟಿನಲ್ಲಿ ಕೆಲವು ಅಂಕಿಗಳನ್ನು ಒತ್ತಿ ಎಲ್ಲ ವಲಯಗಳಿಗೂ ಒಗ್ಗಿಸಬಹುದು. ಬ್ಲೂ-ರೇ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ನಿನ್ನ ಪ್ಲೇಯರಿನ ಮಾದರಿ ಸಂಖ್ಯೆಯನ್ನು ನನಗೆ ಬರೆದು ಕಳಿಸು; ಹುಡುಗ ಅಲ್ಲಿಂದ ಹೊರಡುವುದರೊಳಗೆ ವಿಚಾರಿಸಿ ತಿಳಿಸುತ್ತೇನೆ. ಏನೂ ಆಗದಿದ್ದರೆ ಡಿಸ್ಕುಗಳನ್ನು ಹಿಡಿದು ಇಲ್ಲಿಗೇ ಬಾ. ಆ ಕಡ್ಡಿಯ ದೃಶ್ಯವನ್ನು ಇನ್ನೊಮ್ಮೆ ಹಾಕೆಂದು ಅಮ್ಮ ಆಗಲೇ ಎರಡು ಸಲ ಕೇಳಿದ್ದಾರೆ.

ಇಂತಿ ನಿನ್ನ ಗೆಳೆಯ