ಹಸೀನಾಳ ಕಾಗದಗಳು

ಲಂಡನ್,
ಭಾನುವಾರ

ಪ್ರೀತಿಯ ಆಯಿಗೆ ನಮಸ್ಕಾರಗಳು.

ನಾನು ಕ್ಷೇಮ. ‘ಅಷ್ಟು ದೊಡ್ಡ ಊರಿನಲ್ಲಿ ರಜೆಯ ದಿನ ಒಬ್ಬಳೇ ಏನು ಮಾಡುತ್ತೀ’ ಎಂದು ಫೋನಿನಲ್ಲಿ ಕೇಳಿದ್ದೆಯಲ್ಲ, ಆಗ ಸರಿಯಾಗಿ ಹೇಳಲು ಆಗಲಿಲ್ಲ. ಓದುತ್ತೇನೆ ಆಯಿ. ಈ ಊರಿನ ಕಾದಂಬರಿಗಳನ್ನೇ ಗ್ರಂಥಾಲಯದಿಂದ ತಂದು ಓದುತ್ತೇನೆ. ಅವುಗಳಲ್ಲಿ ಒಂದು ತಿಂಗಳಿಂದ ನನ್ನ ತಲೆಯಲ್ಲೇ ಕುಳಿತಿದೆ.

ಮೋನಿಕಾ ಅಲಿ 2003ರಲ್ಲಿ ಪ್ರಕಟಿಸಿದ ‘ಬ್ರಿಕ್ ಲೇನ್’. ಬಾಂಗ್ಲಾದೇಶದ ಹಳ್ಳಿಯ ನಾಜ್ನೀನ್ 18ರ ಹರೆಯದಲ್ಲಿ, ನಲವತ್ತರ ಗಂಡನ ಜೊತೆ ಬಾಳಲು ಪೂರ್ವ ಲಂಡನ್ನಿಗೆ ಬರುತ್ತಾಳೆ. ಮಹಾನಗರದ ಕಾದಂಬರಿಯಲ್ಲಿ ಸೇತುವೆ, ಗೋಪುರ, ಅರಮನೆಗಳೆಲ್ಲ ಬರುತ್ತವೆ ಎಂದುಕೊಂಡಿದ್ದೆ. ಇಲ್ಲಿ ಎಷ್ಟೋ ಪುಟಗಳವರೆಗೆ ಒಂದು ಇಕ್ಕಟ್ಟಾದ ಮನೆ, ಒಂದು ಕಿಟಕಿ, ಎದುರಿನ ಕಟ್ಟಡದಲ್ಲಿ ಹಚ್ಚೆ ಹಾಕಿಸಿಕೊಂಡು ಸುಮ್ಮನೆ ಕುಳಿತ ಹೆಂಗಸು, ಅಷ್ಟೇ. ಊರಿನಲ್ಲಿ ತಂಗಿ ಹಸೀನಾ ಗಂಡನನ್ನು ಬಿಟ್ಟು ಢಾಕಾಕ್ಕೆ ಹೋದಳೆಂದು ತಿಳಿದಾಗ ನಾಜ್ನೀನ್ ಒಬ್ಬಳೇ ಹೊರಬಿದ್ದು, ಬೇಕೆಂದೇ ದಾರಿ ತಪ್ಪಿಸಿಕೊಂಡು ನಡೆಯುತ್ತಾಳೆ. ತಂಗಿ ಅಲ್ಲಿ ಕಳೆದುಹೋಗಿದ್ದಾಳೆ, ಹಾಗಾಗಿ ತಾನೂ ಇಲ್ಲಿ ಕಳೆದುಹೋಗಬೇಕು! ಅಪರಿಚಿತನೊಬ್ಬ ಮಾತನಾಡಿಸಿದಾಗ ಅವಳ ಬಾಯಿಂದ ಹೊರಡುವುದು ‘ಸಾರಿ’ ಎಂಬ ಒಂದೇ ಇಂಗ್ಲಿಷ್ ಮಾತು. ಅದು ಅವನಿಗೆ ಅರ್ಥವಾಯಿತೆಂಬುದೇ ಅವಳಿಗೆ ಒಂದು ಗೆಲುವು. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಹೋದ ಶನಿವಾರ, ಪುಸ್ತಕಕ್ಕೆ ಹೆಸರು ಕೊಟ್ಟ ಬ್ರಿಕ್ ಲೇನ್ ಬೀದಿಗೇ ಹೋಗಿ ಬಂದೆ. ಬೀದಿಯ ಹೆಸರಿನ ಫಲಕಗಳಲ್ಲಿ ಬಂಗಾಳಿ ಅಕ್ಷರಗಳೂ ಇವೆ. ಅಲ್ಲಿನ ಮಸೀದಿಯ ಕಟ್ಟಡವನ್ನು 1743ರಲ್ಲಿ ಕಟ್ಟಿಸಿದವರು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರ ಮನೆತನದವರು, ತಮ್ಮ ಪ್ರಾರ್ಥನೆಗೆಂದು. 1898ರಲ್ಲಿ ಅದು ಯಹೂದಿಯರದಾಯಿತು, 1976ರಲ್ಲಿ ಮಸೀದಿಯಾಯಿತು. ನಾಜ್ನೀನ್‌ಗಿಂತ ಮೊದಲೂ ಈ ಬೀದಿಗೆ ಎಷ್ಟು ಹೆಣ್ಣುಮಕ್ಕಳು ಭಾಷೆ ಬಾರದೆ ಬಂದು ಕಿಟಕಿಯಲ್ಲಿ ನಿಂತಿದ್ದರೋ ಎಂದು ಅದರ ಎದುರು ನಿಂತಾಗ ಅನ್ನಿಸಿತು.

ಆದರೆ ಒಂದು ವಿಷಯದಲ್ಲಿ ನನಗೆ ಈ ಪುಸ್ತಕದ ಮೇಲೆ ಸಿಟ್ಟಿದೆ. ಹಸೀನಾ ಢಾಕಾದಿಂದ ಅಕ್ಕನಿಗೆ ಕಾಗದ ಬರೆಯುತ್ತಾಳೆ. ಗಾರ್ಮೆಂಟ್ ಕಾರ್ಖಾನೆಯ ದುಡಿಮೆ, ಪಟ್ಟ ಪಾಡು ಎಲ್ಲ ಅದರಲ್ಲಿದೆ. ಅವಳು ಬರೆಯುತ್ತಿದ್ದುದು ಬಂಗಾಳಿಯಲ್ಲೇ ಇರಬೇಕು. ಅಕ್ಕನಿಗೆ ಬರುವ ಭಾಷೆ ಅದೊಂದೇ. ಪುಸ್ತಕದಲ್ಲಿ ಮಾತ್ರ ಆ ಕಾಗದಗಳು ಹರಕುಮುರುಕು ಇಂಗ್ಲಿಷಿನಲ್ಲಿವೆ. ಹೆಚ್ಚು ಶಾಲೆ ಕಲಿತವಳಲ್ಲ, ಅದಕ್ಕೇ ಹಾಗೆ ಎಂದು ಸಮರ್ಥಿಸಬಹುದು. ನಾನು ಒಪ್ಪುವುದಿಲ್ಲ. ಅಕ್ಷರ ತಪ್ಪುವುದು ಬೇರೆ, ತಾಯ್ನುಡಿಯೇ ತಪ್ಪುವುದು ಬೇರೆ. ನೀನು ಓದಿದ್ದು ಏಳನೆಯ ತರಗತಿಯವರೆಗೆ. ಹಾಸ್ಟೆಲಿಗೆ ನೀನು ಬರೆಯುತ್ತಿದ್ದ ಕಾಗದಗಳಲ್ಲಿ ಒತ್ತಕ್ಷರಗಳು ತಪ್ಪುತ್ತಿದ್ದವು, ಆದರೆ ಒಂದು ವಾಕ್ಯವೂ ಕುಂಟುತ್ತಿರಲಿಲ್ಲ. ‘ಕೆಂಪಿ ಕರು ಹಾಕಿದ್ದಾಳೆ, ನೀನು ಬರುವವರೆಗೆ ಗಿಣ್ಣು ಉಳಿಯುವುದಿಲ್ಲ’ ಎಂದು ಬರೆದಿದ್ದೆ. ಅದನ್ನು ಯಾರಾದರೂ ‘ಕೆಂಪಿ ಕರು ಹಾಕು, ನೀನು ಬರು ಗಿಣ್ಣು ಇಲ್ಲ’ ಎಂಬಂತೆ ಇಂಗ್ಲಿಷಿಗೆ ತಂದರೆ ನನ್ನಿಂದ ಸಹಿಸಲಾಗದು.

ಜೇಡಿ ಸ್ಮಿತ್ 2012ರಲ್ಲಿ ಬರೆದ ‘ಎನ್‌ಡಬ್ಲ್ಯು’ ಕಾದಂಬರಿಯನ್ನೂ ಓದಿದೆ. ವಾಯವ್ಯ ಲಂಡನ್ನಿನ ಒಂದೇ ಬಡಾವಣೆಯಲ್ಲಿ ಬೆಳೆದವರ ಕಥೆ. ತುಂಡುತುಂಡಾದ ಬರವಣಿಗೆ ಮೊದಲು ಕೈಗೆ ಹತ್ತಲಿಲ್ಲ. ಬಸ್ಸಿನಲ್ಲಿ ಹಿಂದೆ ಕುಳಿತವರ ಮಾತು ಅದೇ ಲಯದಲ್ಲಿ ಕೇಳಿಸಿದ ಮೇಲೆ ಹಿಡಿಸಿತು.

ಇವನ್ನೆಲ್ಲ ಓದುವಾಗ ನಮ್ಮ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಮತ್ತೆಮತ್ತೆ ನೆನಪಾಗುತ್ತವೆ. ಗೋಕರ್ಣದಿಂದ ಹೋದವರು, ಮರಾಠಿ ಹಿಂದಿ ಆಡುವ ಜನರನ್ನು ಕನ್ನಡದಲ್ಲಿ ಬರೆದರು. ಆ ಜನರ ಒಂದು ಮಾತೂ ಅಲ್ಲಿ ಬಡವಾಗುವುದಿಲ್ಲ. ಹಸೀನಾಳಿಗೆ ಅಂಥ ಬರಹಗಾರ ಸಿಕ್ಕಬೇಕಿತ್ತು.

ಭಾವ ಇಲ್ಲಿಗೆ ಬರುವಾಗ ಕಾಯ್ಕಿಣಿಯವರ ಕಥಾಸಂಕಲನ ‘ತೂಫಾನ್ ಮೇಲ್’ ಕೊಟ್ಟು ಕಳುಹಿಸು. ಅಪ್ಪನ ಕಪಾಟಿನ ಮೇಲಿನ ಸಾಲಿನಲ್ಲಿದೆ. ಅದರೊಳಗೆ ನಿನ್ನ ಕೈಬರಹದ ಕಾಗದವೊಂದನ್ನು ಇಡು, ಫೋನ್ ಇದೆಯಲ್ಲ ಎನ್ನಬೇಡ. ಒತ್ತಕ್ಷರಗಳನ್ನು ಅಪ್ಪನಿಂದ ತಿದ್ದಿಸಬೇಡ.

ನಿನ್ನ ಮಗಳು